ದೋಣಿ ಮೋಟಾರಿಗೆ ಸೊಂಟನೋವು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಎಣ್ಣೆ ಸೋರದ ಯಂತ್ರ ಕಂಡರೆ ಜನಕ್ಕೆ ಅನುಮಾನ. ಒಳಗೆ ಎಣ್ಣೆಯೇ ಇಲ್ಲವೇನೋ ಅಂತ ಬಗ್ಗಿ ನೋಡುತ್ತಾರೆ. ಟ್ರ್ಯಾಕ್ಟರಿನ ಲಿಫ್ಟು ಸೋರುತ್ತದೆ, ಟ್ರೇಲರಿನ ಜಾಕು ಸೋರುತ್ತದೆ, ಕೆ.ಆರ್. ನಗರದ ಗದ್ದೆಗೆ ಇಳಿಯುವ ಭತ್ತದ ಕಟಾವು ಮೆಷಿನ್ನು ಹೋದ ದಾರಿಯನ್ನು ಎಣ್ಣೆಯ ಹನಿ ನೋಡಿಕೊಂಡೇ ಹುಡುಕಬಹುದು. ಹೀಗಾಗಿ ನನ್ನ ಭಾಮೈದ ಫೋನು ಮಾಡಿ, "ಭಾವ, ಮೋಟಾರು ಸೋರ್ತಾ ಐತೆ" ಅಂದಾಗ ನಾನು ಕಾಫಿ ಲೋಟ ಕೂಡ ಕೆಳಗಿಡಲಿಲ್ಲ. ಅದು ದೋಣಿ ಮೋಟಾರು ಅಂತ ಆಮೇಲೆ ತಿಳಿಯಿತು.

ಅವನು ಕಬಿನಿ ಹಿನ್ನೀರಿನಲ್ಲಿ ಒಂದು ರೆಸಾರ್ಟಿನ ದೋಣಿ ಓಡಿಸುತ್ತಾನೆ. ಬೆಂಗಳೂರಿನವರಿಗೆ ಆನೆ ತೋರಿಸುವುದು ಅವನ ಉದ್ಯೋಗ. 1974ರಲ್ಲಿ ಕಟ್ಟಿ ಮುಗಿಸಿದ ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ನೀರು 2,284 ಅಡಿ ಮುಟ್ಟಿದಾಗ ಹಿನ್ನೀರು ಸಮುದ್ರ. ಬೇಸಿಗೆಗೆ ನೀರು ಹಿಂದೆ ಸರಿಯುತ್ತ ಹೋದಂತೆ, ಆಗ ಮುಳುಗಿದ ಕಾಡಿನ ಒಣ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಎತ್ತಿದ ಬೊಡ್ಡೆಯಿಂದ ತೊಂದರೆ ಇಲ್ಲ, ಅದರ ಮೇಲೆ ನೀರುಕಾಗೆ ಕೂತಿರುತ್ತದೆ, ಕಾಣುತ್ತದೆ. ಇನ್ನೇನು ಎತ್ತಬೇಕು ಅಂತ ಗೇಣುದ್ದ ನೀರಿನ ಕೆಳಗೆ ಕಾದಿರುವುದೇ ಫ್ಯಾನಿಗೆ ಮೃತ್ಯು. ಅದಕ್ಕೇ ನೀರು ತೆಳುವಾದ ಕಡೆ ಮೋಟಾರನ್ನು ಹಿಂದಕ್ಕೆ ಬಾಗಿಸಿ ಮೇಲೆತ್ತಬೇಕು. ಎತ್ತುವುದು ಒಂದು ಗುಂಡಿ ಒತ್ತುವಷ್ಟು ಕೆಲಸ. ದೋಣಿಗೆ ಕಚ್ಚಿಕೊಂಡಿರುವ ಎರಡು ಬ್ರ್ಯಾಕೆಟ್ಟುಗಳ ನಡುವೆ ಒಂದು ಪುಟ್ಟ ಕರೆಂಟು ಮೋಟಾರು, ಅದರ ಕೆಳಗೆ ಪಂಪು, ಪಕ್ಕದಲ್ಲಿ ಎಣ್ಣೆ ತುಂಬಿದ ಜಾಕು. ನೂರು ಕಿಲೋ ಆಸುಪಾಸಿನ ಯಂತ್ರಕ್ಕೆ ಅದೇ ಸೊಂಟ.

ಆ ಸೊಂಟ ಹಿಡಿದುಕೊಂಡಿತ್ತು ಅನ್ನುವ ಹಾಗೂ ಇಲ್ಲ, ಬಿಟ್ಟುಬಿಟ್ಟಿತ್ತು. ರಾತ್ರಿ ಎತ್ತಿಟ್ಟು ಹೋದರೆ ಬೆಳಿಗ್ಗೆ ನೀರಿನಲ್ಲಿ ಮುಖ ಮುಳುಗಿಸಿಕೊಂಡು ಕೂತಿರುತ್ತಿತ್ತು. ಭಾಮೈದ ಮೊದಲ ಚಿಕಿತ್ಸೆಯಾಗಿ ಹಸಿರು ನೈಲಾನ್ ಹಗ್ಗದಲ್ಲಿ ಮೇಲಕ್ಕೆ ಬಿಗಿದು ಕಟ್ಟಿದ್ದ. ಪ್ರವಾಸಿಗರು ಆನೆ ಬಿಟ್ಟು ಹಗ್ಗದ ಫೋಟೋ ತೆಗೆಯಲು ಶುರುಮಾಡಿದ ಮೇಲೆ ಮಾಲೀಕರಿಗೆ ಮರ್ಯಾದೆ ಪ್ರಶ್ನೆಯಾಯಿತು. ಸರ್ವೀಸಿನವರನ್ನು ವಿಚಾರಿಸಿದರೆ ಇಡೀ ಸೆಟ್ಟೇ ಬದಲಾಯಿಸಿ ಎಂದು ಒಂದು ರೇಟು ಹೇಳಿದರು. ಆ ದುಡ್ಡಿಗೆ ಹಾಲು ಕರೆಯುವ ಸೀಮೆಹಸು ಬರುತ್ತಿತ್ತು, ಕರುವಿನ ಸಮೇತ.

ಮೋಟಾರು ಬೊಲೆರೊ ಪಿಕಪ್ಪಿನಲ್ಲಿ ಮಲಗಿ ಹುಣಸೂರಿಗೆ ಬಂತು, ನನಗೆ ಗೊತ್ತಿದ್ದ ಟ್ರ್ಯಾಕ್ಟರ್ ಶೆಡ್ಡಿಗೆ. ಮೇಸ್ತ್ರಿ ಒಂದು ಸುತ್ತು ಹಾಕಿ, ಜಾಕಿನ ರಾಡಿನ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಕೆಂಪು ಎಣ್ಣೆ ಮೂಸಿ, "ಸೀಲು ಹೋಗ್ಬುಟ್ಟದೆ ಕಣ್ ಸಾರ್" ಅಂದ. ಸಮುದ್ರದ್ದಾಗಲಿ ಸಾಗುವಳಿಯದಾಗಲಿ, ಜಾಕು ಜಾಕೇ ಅಂತ ಅವನ ಲೆಕ್ಕ.

ಅಷ್ಟರಲ್ಲಿ ಸಲಹಾ ಸಮಿತಿ ನೆರೆಯಿತು. ಪಿರಿಯಾಪಟ್ಟಣದ ಶುಂಠಿಯವರೊಬ್ಬರು ಬ್ರೇಕ್ ಆಯಿಲ್ ಹುಯ್ಯಿರಿ, ಸೀಲು ಉಬ್ಬಿ ಸೋರಿಕೆ ತಾನೇ ನಿಲ್ಲುತ್ತೆ ಅಂದರು. "ಉಬ್ಬತ್ತೆ, ಆಮೇಲೆ ಕೊಳೆಯತ್ತೆ" ಅಂತ ಮೇಸ್ತ್ರಿ ತಲೆ ಎತ್ತದೆ ಹೇಳಿದ. ಇನ್ನೊಬ್ಬರು ಜಾಕಿನ ಮುಚ್ಚಳ ಬಿಚ್ಚಲು ಉಳಿ, ಸುತ್ತಿಗೆ ತಂದೇಬಿಟ್ಟರು. ಆ ಮುಚ್ಚಳಕ್ಕೆ ಪಾನಾ ಹಿಡಿಯುವ ಮೂಲೆಗಳೇ ಇಲ್ಲ. ನೆತ್ತಿಯ ಮೇಲೆ ಸಣ್ಣ ತೂತುಗಳಿವೆ, ಅಷ್ಟೆ. ಉಳಿಯಲ್ಲಿ ಹೊಡೆದರೆ ತೂತು ಹರಿದು, ಸೀಮೆಹಸು ಕೊಳ್ಳಲೇಬೇಕಾಗುತ್ತದೆ. ಮೇಸ್ತ್ರಿ ಒಂದು ಕಬ್ಬಿಣದ ಪಟ್ಟಿ ಹುಡುಕಿ, ತೂತಿನ ಅಳತೆಗೆ ಎರಡು ಮೊಳೆ ವೆಲ್ಡ್ ಮಾಡಿ, ಅಲ್ಲೇ ಒಂದು ಪಾನಾ ಹುಟ್ಟಿಸಿದ. ಒಂದೇ ಪಟ್ಟಿಗೆ ಮುಚ್ಚಳ ಸಡಿಲವಾಯಿತು. ಸಮಿತಿ ಚಹಾಕ್ಕೆ ಹೋಯಿತು.

ಬಿಚ್ಚಿದ ಮೇಲೆ ಕಂಡದ್ದು: ಧೂಳು ತಡೆಯುವ ರಬ್ಬರಿನ ತುಟಿ ಸೀಳಿತ್ತು. ರಾಡಿನ ಮೇಲೆ ಮರಳು ಗೀರಿದ ಒಂದು ಗೆರೆ, ಉಗುರಿಗೆ ಮಾತ್ರ ಸಿಗುವಷ್ಟು. ಒಳಗಿನ ಓ-ರಿಂಗು ದುಂಡಗಿರಬೇಕಾದದ್ದು ಚಪ್ಪಟೆಯಾಗಿತ್ತು. ಇಷ್ಟಕ್ಕೆ ಇಷ್ಟೆಲ್ಲ. ಎಣ್ಣೆಯನ್ನು ಒತ್ತಿ ಭಾರ ಎತ್ತುವ ಉಪಾಯಕ್ಕೆ ಜೋಸೆಫ್ ಬ್ರಾಮಾ ಇಂಗ್ಲೆಂಡಿನಲ್ಲಿ 1795ರಲ್ಲೇ ಪೇಟೆಂಟ್ ಪಡೆದಿದ್ದ. ಅವನು ಒತ್ತುತ್ತಿದ್ದದ್ದು ನೀರು. ಆ ಯಂತ್ರವೂ ಸೋರುತ್ತಿತ್ತಂತೆ. ಒತ್ತಡ ಏರಿದಷ್ಟೂ ತಾನೇ ಬಿಗಿಯುವ ಚರ್ಮದ ಬಟ್ಟಲು ಹೊಳೆದದ್ದು ಅವನ ಕೈಕೆಳಗಿದ್ದ ಹೆನ್ರಿ ಮಾಡ್ಸ್ಲೆಗೆ ಅನ್ನುತ್ತಾರೆ. ಪೇಟೆಂಟ್ ಮಾಲೀಕರದ್ದು, ಸೀಲು ಮೇಸ್ತ್ರಿಯದ್ದು. ಈ ಪದ್ಧತಿ ನಮ್ಮ ಶೆಡ್ಡುಗಳಲ್ಲೂ ಚಾಲ್ತಿಯಲ್ಲಿದೆ.

ಮೇಸ್ತ್ರಿ ರಾಡನ್ನು ಝೀರೋ ಪೇಪರಿನಲ್ಲಿ ಉಜ್ಜಿ, ಬಿಸ್ಕತ್ತಿನ ಡಬ್ಬದಲ್ಲಿದ್ದ ರಿಂಗುಗಳ ರಾಶಿಯಿಂದ ಅಳತೆಗೆ ಒಪ್ಪುವುದನ್ನು ಆರಿಸಿ, ಎಣ್ಣೆ ಸವರಿ ಕೂರಿಸಿದ. ಪವರ್ ಸ್ಟೀರಿಂಗಿನ ಕೆಂಪು ಎಣ್ಣೆ ತುಂಬಿದ. ಇನ್ನು ಪರೀಕ್ಷೆ. ಎಂಜಿನ್ನಿಗಾದರೆ ತಣ್ಣಗಿರಲು ನೀರು ಬೇಕು, ಸೊಂಟಕ್ಕೆ ಬೇಡ. ಮೋಟಾರನ್ನು ಶೆಡ್ಡಿನ ಮುಂದಿದ್ದ ಟ್ರೇಲರಿನ ಹಿಂಬಾಗಿಲ ಹಲಗೆಗೆ ಕಚ್ಚಿಸಿ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎರಡು ತಂತಿ ಎಳೆದರು. ಮುಟ್ಟಿಸಿದರೆ ಏಳುತ್ತದೆ, ತಂತಿ ಅದಲುಬದಲು ಮಾಡಿದರೆ ಇಳಿಯುತ್ತದೆ. ಒಳಗಿನ ಗಾಳಿ ಹೋಗಲಿ ಅಂತ ಬಹಳ ಹೊತ್ತು ಎತ್ತಿ ಇಳಿಸಿ, ಎಣ್ಣೆ ನೋಡಿ ಮತ್ತೆ ಹುಯ್ದು, ಕೊನೆಗೆ ಪೂರ್ತಿ ಎತ್ತಿ, ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ರಾತ್ರಿಗೆ ಬಿಟ್ಟೆವು. ಹೋಗಿಬರುವವರು ಇದು ಔಷಧಿ ಹೊಡೆಯೋದಾ, ಸಬ್ಸಿಡಿ ಇದೆಯಾ ಅಂತ ಕೇಳುತ್ತಿದ್ದರು.

ಬೆಳಿಗ್ಗೆ ಹೋದರೆ ಗೆರೆಯಿಂದ ಕೂದಲೆಳೆಯೂ ಇಳಿದಿರಲಿಲ್ಲ. ಆದರೆ ಟ್ರೇಲರಿನ ಯಜಮಾನರು ಬಂದಿದ್ದರು. ಅವತ್ತು ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಅವರ ಹೊಗೆಸೊಪ್ಪಿನ ಬೇಲು ಹೋಗಬೇಕು. ಭಾಮೈದ ಗಾಬರಿಯಾಗಿ, ಒಂದೈದು ನಿಮಿಷ ಅಣ್ಣ, ಬಿಚ್ಚಿಬಿಡ್ತೀನಿ ಅಂತ ಪಾನಾ ಹಿಡಿದ. ಯಜಮಾನರು ಮೋಟಾರಿನ ಹಿಂದೆ ನಿಂತು, ಫ್ಯಾನನ್ನು ಒಂದು ಸುತ್ತು ತಿರುಗಿಸಿ ನೋಡಿ, ಅವನ ಕೈ ತಡೆದರು.

"ಇರ್ಲಿ ಬುಡಪ್ಪ. ಹಿಂಗೇ ಹೊಡ್ಕೊಂಡು ಹೋಯ್ತೀನಿ. ಈ ಸರ್ತಿಯಾದ್ರೂ ರೇಟ್ ಕೂಗೋರು ತಿರುಗಿ ನೋಡ್ಲಿ."