ಹೊಗೆಗೆ ಹೆದರಿದ ರಾಯರು

ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕೆಂಬುದು ಹಿರಿಯರ ಮಾತು. ಜಯನಗರದ ರಾಯರೂ ನೋಡಿಕೊಳ್ಳುತ್ತಾರೆ. ಅಂಗೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ.

ಸೂಚ್ಯಂಕ 50ರೊಳಗಿದ್ದರೆ ಹಸಿರು, 100ರವರೆಗೆ ತಿಳಿಹಸಿರು, ದಾಟಿದರೆ ಹಳದಿ. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಹೇಗೆ ಹೋಗಬೇಕೆಂಬುದನ್ನು ರಾಯರು ಈ ಬಣ್ಣ ನೋಡಿಯೇ ತೀರ್ಮಾನಿಸುವುದು. ಹಳದಿಯಾದರೆ ಹೊರಗೆ ಮೂಗು ಹಾಕುವಂತಿಲ್ಲ, ಆದ್ದರಿಂದ ಕಾರು. ತಿಳಿಹಸಿರಾದರೆ “ಸಂಜೆಗೆ ಏರುತ್ತೆ, ನೋಡ್ತಿರಿ”, ಆದ್ದರಿಂದ ಕಾರು. ಅಚ್ಚ ಹಸಿರು ಕಾಣುವುದು ಹೆಚ್ಚಾಗಿ ಮಳೆಗಾಲದಲ್ಲಿ. ಮಳೆಯಲ್ಲಿ ಯಾರಾದರೂ ಸ್ಕೂಟರ್ ತೆಗೆಯುತ್ತಾರೆಯೇ?

ಅಂಕಿಅಂಶದಲ್ಲಿ ರಾಯರನ್ನು ಸೋಲಿಸುವುದು ಕಷ್ಟ. ಪಿಎಂ 2.5 ಎಂಬ ಸೂಕ್ಷ್ಮ ಕಣ ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದ ಮಿತಿ 40. ಬೆಂಗಳೂರು ಸಾಮಾನ್ಯವಾಗಿ ಇವೆರಡರ ನಡುವೆ ಇರುವುದು ರಾಯರಿಗೆ ದೊಡ್ಡ ಅನುಕೂಲ. ದೆಹಲಿಯ ಭಾವಮೈದುನ ಫೋನ್ ಮಾಡಿದಾಗ 40ನ್ನು ಹಿಡಿದು “ನಮ್ಮೂರು ಸ್ವರ್ಗ ಕಣಯ್ಯಾ” ಎನ್ನುತ್ತಾರೆ. ಬಸ್ಸಿನ ಮಾತು ಬಂದಾಗ 5ನ್ನು ಹಿಡಿದು ಕೆಮ್ಮುತ್ತಾರೆ.

ಆ ಭಾವಮೈದುನನಿಂದ ಅವರು ಕಲಿತದ್ದೂ ಇದೆ. 2016ರ ಜನವರಿಯಲ್ಲಿ ದೆಹಲಿ ಸರ್ಕಾರ 15 ದಿನ ಸಮ–ಬೆಸ ನಿಯಮ ತಂದಿತ್ತು. ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ಕಾರುಗಳು ದಿನ ಬಿಟ್ಟು ದಿನ ರಸ್ತೆಗಿಳಿಯಬೇಕು. ಅದು ಬೆಂಗಳೂರಿಗೂ ಬಂದೀತೆಂದು ರಾಯರು ಎರಡನೇ ಕಾರು ಕೊಂಡರು. ಮೊದಲನೆಯದರ ಕೊನೆಯ ಅಂಕಿ ಸಮ, ಇದರದು ಬೆಸ. ಮಾಲಿನ್ಯ ನಿಯಂತ್ರಣಕ್ಕೆ ಇಷ್ಟು ಮುಂಚಿತವಾಗಿ ಸಜ್ಜಾದ ನಾಗರಿಕ ಇನ್ನೊಬ್ಬನಿರಲಾರ.

ಮೆಟ್ರೋ ಬೇಡವೆಂದು ಅವರು ಎಂದೂ ಹೇಳಿದವರಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಉದ್ಘಾಟನೆಯಾದಾಗ ಅಪಾರ್ಟ್‌ಮೆಂಟಿಗೆಲ್ಲ ಲಡ್ಡು ಹಂಚಿದರು. ಸಿಲ್ಕ್ ಬೋರ್ಡ್ ಮೇಲೆ, ಅವರ ಆಫೀಸಿನ ಪಕ್ಕದಲ್ಲೇ ಹಾಯುವ ರೈಲು. ಆಗ ಇದ್ದವು ಮೂರೇ ರೈಲು, 25 ನಿಮಿಷಕ್ಕೊಂದು. “ಇನ್ನಷ್ಟು ರೈಲು ಬರಲಿ, ಆಮೇಲೆ ನೋಡೋಣ” ಎಂದರು. ಬಂದವು. ಈಗ “ಜನ ಜಾಸ್ತಿ” ಎನ್ನುತ್ತಾರೆ. ಅದೇ ವರ್ಷ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದನ್ನೂ ಮರೆತಿಲ್ಲ. (ದರ ಏರಿಕೆ ಅನೇಕರನ್ನು ನಿಜಕ್ಕೂ ಕಾಡಿತು. ಎರಡು ಕಾರಿನ ಇಎಂಐ ಕಟ್ಟುವವರನ್ನು ಅಲ್ಲ.)

“ಅಲ್ಲಾರೀ, ಸ್ಟೇಷನ್ನಿಗೆ ನಡೆದರೆ ಹತ್ತು ನಿಮಿಷ” ಎಂದರು ಮನೆಯವರು.

“ಆ ಧೂಳಿನಲ್ಲಿ ನಡೆಯೋದಾ? ಆರೋಗ್ಯ ಏನಾಗಬೇಕು!”

ಆರೋಗ್ಯಕ್ಕೆಂದು ರಾಯರು ದಿನಾ ಬೆಳಿಗ್ಗೆ ನಡೆಯುತ್ತಾರೆ, ಲಾಲ್‌ಬಾಗಿನಲ್ಲಿ. ಅಲ್ಲಿಗೆ ಹೋಗುವುದು ಕಾರಿನಲ್ಲಿ.

ಸಿಗ್ನಲ್ಲಿನಲ್ಲಿ ನಿಂತರೆ ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತುತ್ತಾರೆ. ಇದರಿಂದ ಒಳಗಿನ ಧೂಳು ಕಡಿಮೆಯಾಗುವುದು ನಿಜ. ಆದರೆ ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತಾ ಹೋಗಿ ತೂಕಡಿಕೆ ಬರುತ್ತದೆ. ಹೊರಗೆ ಅವರ ಸೈಲೆನ್ಸರಿನ ಹಿಂದೆಯೇ ಸ್ಕೂಟರ್‌ನವರು, ಬಸ್ಸಿಗೆ ಕಾದವರು, ಟ್ರಾಫಿಕ್ ಪೊಲೀಸರು ನಿಂತಿರುತ್ತಾರೆ. ಅವರಿಗೆ ಒತ್ತಲು ಗುಂಡಿಯಿಲ್ಲ.

ಸಿಲ್ಕ್ ಬೋರ್ಡಿನಲ್ಲಿ ನಿಮ್ಮ ಪಕ್ಕದ ಕಾರಿನೊಳಗೆ ಒಬ್ಬರೇ ಕೂತು ಆಕಳಿಸುತ್ತಿದ್ದರೆ, ಅವರೇ ರಾಯರು. ಈ ಹೊಗೆ ಯಾರದು ಸಾರ್ ಎಂದು ಮಾತ್ರ ಕೇಳಬೇಡಿ. ಉತ್ತರಿಸಲು ಅವರು ಕಿಟಕಿ ಇಳಿಸಬೇಕಾಗುತ್ತದೆ.