ಬಾಲಿ ಸಾವ್ಕಾರ್ರ ಆಕಾಶ

ನಮ್ಮ ತ್ಯಾವಣಿಗೆ ಕಡೆ ಗೊಬ್ಬರದಂಗಡಿ ಸಾವ್ಕಾರ್ರು ವಿದೇಶಕ್ಕೆ ಹೋಗುವುದು ಟಾರ್ಗೆಟ್ ಮುಟ್ಟಿದ್ದಕ್ಕೆ. ಭತ್ತಕ್ಕೆ ಹೊಡೆಯುವ ಔಷಧಿ ಇಷ್ಟು ಪೆಟ್ಟಿಗೆ ಖರ್ಚಾದರೆ ಬ್ಯಾಂಕಾಕು, ಇನ್ನಷ್ಟು ಖರ್ಚಾದರೆ ಬಾಲಿ. ಕಾಂಡಕೊರಕ ಹುಳಕ್ಕೂ ಇವರ ಪಾಸ್‌ಪೋರ್ಟಿಗೂ ಇರುವ ನಂಟು ರೈತನಿಗೆ ತಿಳಿಯುವ ಹೊತ್ತಿಗೆ ವಿಮಾನ ಹಾರಿರುತ್ತದೆ.

ಹೋಗಿ ಬಂದವರು ಸಾಮಾನ್ಯವಾಗಿ ಒಂದು ಹೂವಿನ ಅಂಗಿ, ಒಂದು ಟೋಪಿ, ಮನೆಯಲ್ಲಿ ಹೇಳಬಾರದ ಎರಡು ಮಾತು ತರುತ್ತಾರೆ. ನಮ್ಮ ಸಾವ್ಕಾರ್ರು ಮಾತ್ರ ಆಕಾಶ ತಂದರು.

ಅವರು ಹೋದದ್ದು 2023ರ ಮಾರ್ಚ್‌ನಲ್ಲಿ. 22ಕ್ಕೆ ನಮಗೆ ಯುಗಾದಿ. ಬಾಲಿಯವರಿಗೂ ಅವತ್ತೇ ಹೊಸ ವರ್ಷ. ಅವರೂ ಎಣಿಸುವುದು ಶಕ ವರ್ಷವನ್ನೇ, ನಮ್ಮಂತೆ ಅವರಿಗೂ 1945 ಹುಟ್ಟಿತ್ತು. ಆದರೆ ಹೋಳಿಗೆಯಿಲ್ಲ, ಇಸ್ಪೀಟಿಲ್ಲ. ಹಬ್ಬದ ಹೆಸರು ನ್ಯೆಪಿ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ದೀಪ ಹಚ್ಚಬಾರದು, ಕೆಲಸ ಮಾಡಬಾರದು, ಓಡಾಡಬಾರದು, ಮೋಜು ಮಾಡಬಾರದು. ವಿಮಾನ ನಿಲ್ದಾಣಕ್ಕೇ 24 ಗಂಟೆ ಬೀಗ. ಬೀದಿಯಲ್ಲಿ ಪೆಚಲಾಂಗ್ ಎಂಬ ಊರ ಕಾವಲುಗಾರರು. ಪ್ರವಾಸಿಗಳೂ ಹೋಟೆಲ್ ಗೇಟು ದಾಟುವಂತಿಲ್ಲ. ಟೂರು ಗೊತ್ತುಮಾಡಿದ ಹುಡುಗ ಪಂಚಾಂಗ ನೋಡಿರಲಿಲ್ಲ. ಮೋಜಿಗೆಂದೇ ಹೋದ ಡೀಲರುಗಳ ಹಿಂಡನ್ನು ಕತ್ತಲಲ್ಲಿ ಕೂಡಿಹಾಕಿದರೆ ಪಾಪ, ಏನು ಮಾಡಿಯಾರು? ಅಮಾವಾಸ್ಯೆ ಕಳೆದ ಮರುರಾತ್ರಿ, ಚಂದ್ರನ ಬೆಳಕೂ ಇಲ್ಲ. ಸಾವ್ಕಾರ್ರು ಹೋಟೆಲಿನ ಹುಲ್ಲಿನ ಮೇಲೆ ಟವೆಲ್ ಹಾಸಿ ಅಂಗಾತ ಮಲಗಿದರು. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಮೇಲೆ ನೋಡಿದರು.

ವಾಪಸು ಊರು ಮುಟ್ಟಿದ್ದು 24ರ ಸಂಜೆ. ಇಲ್ಲೊಂದು ಎಡವಟ್ಟಾಯಿತು. ಯುಗಾದಿ ಮರುದಿನ ಮಾಳಿಗೆ ಹತ್ತಿ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ಚಂದ್ರ ಗುರು–ಶುಕ್ರರ ನಡುವೆ ಬಂದು ನಿಂತಿದ್ದ. ಅದರ ಮರುಸಂಜೆಯಂತೂ ಶುಕ್ರ ಹಗಲಲ್ಲೇ ಚಂದ್ರನ ಹಿಂದೆ ಅಡಗಿ, ಹೊತ್ತು ಮುಳುಗುವಷ್ಟರಲ್ಲಿ ಈಚೆ ಬಂದು, ಮೂಗುತಿಯ ಹರಳಿನಂತೆ ಕೆಳಗೆ ತೂಗುತ್ತಿದ್ದ. ಊರಿಗೆ ಊರೇ ಮಾಳಿಗೆ ಮೇಲೆ, ಮೊಬೈಲ್ ಹಿಡಿದು. ಬಾಲಿಯಿಂದ ಬಂದ ಮನುಷ್ಯ ಹೂವಿನ ಅಂಗಿಯಲ್ಲಿ ಕಾರಿನಿಂದಿಳಿದರೆ ತಿರುಗಿ ನೋಡುವವರಿಲ್ಲ!

‘ಅಲ್ನೋಡ್ರಿ, ಚಂದ್ರಪ್ಪನ ಕೆಳಗೆ ಚುಕ್ಕಿ’ ಅಂದರು ಹೆಂಡತಿ.

ಸಾವ್ಕಾರ್ರು ಒಂದು ಗಳಿಗೆ ನೋಡಿ, ‘ಇದೇನ್ ಮಹಾ! ಬಾಲಿನಾಗೆ ನೋಡ್ಬೇಕಿತ್ತು’ ಎಂದು ಸೂಟ್‌ಕೇಸ್ ಎಳೆದುಕೊಂಡು ಒಳಗೆ ಹೋದರು.

ಅವತ್ತಿಂದ ಅಂಗಡಿ ಕಟ್ಟೆಯ ಮೇಲೆ ಪಾಠ ಶುರು. ‘ಎರಡು ಚೀಲ ಯೂರಿಯಾ ಕೊಡ್ರಿ’ ಅಂದರೆ, ‘ಕೊಡೋಣಂತೆ. ಬಾಲಿನಾಗೆ ಧ್ರುವ ನಕ್ಷತ್ರಾನೇ ಕಾಣಲ್ಲ, ಗೊತ್ತೇನೋ?’ ಸುಳ್ಳಲ್ಲ. ಭೂಮಧ್ಯರೇಖೆಯಿಂದ ನಾವು 14 ಡಿಗ್ರಿ ಉತ್ತರಕ್ಕಿರುವುದರಿಂದ ಧ್ರುವ ನಮಗೆ ಅಷ್ಟೇ ಡಿಗ್ರಿ ಮೇಲೆ ಕಾಣುತ್ತಾನೆ, ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಬಾಲಿ ರೇಖೆಯ ಆಚೆ, ಎಂಟೂವರೆ ಡಿಗ್ರಿ ದಕ್ಷಿಣಕ್ಕೆ. ಅಲ್ಲಿ ಧ್ರುವ ನೆಲದಡಿ. ಬದಲಿಗೆ ನಾಲ್ಕು ಚುಕ್ಕಿಯ ತ್ರಿಶಂಕು ಎತ್ತರಕ್ಕೇರುತ್ತಾನೆ. ಇದನ್ನು ಅವರು ಬಿಲ್ಲಿನ ಹಿಂದೆ ಬರೆದೇ ತೋರಿಸುತ್ತಾರೆ. ನನ್ನ ಡಿಎಪಿ ಬಿಲ್ಲು ಇನ್ನೂ ಮನೆಯಲ್ಲಿದೆ. ಮುಂದೆ ನನ್ನ ಬಾಕಿ, ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಇಟ್ಟ ನಾಲ್ಕು ಚುಕ್ಕಿ. ಒಂದು ಚುಕ್ಕಿಯಂತೂ ಕಾಗದ ತೂತಾಗಿ, ಬಾಕಿಯಲ್ಲಿ ಒಂದು ಸೊನ್ನೆಯನ್ನೇ ನುಂಗಿದೆ. ಅವರು ಗಮನಿಸಿಲ್ಲ, ನಾನು ಹೇಳಿಲ್ಲ.

‘ನಾನೂ ತ್ರಿಶಂಕುನೇ ಬಿಡಪ್ಪ’ ಎಂದು ಒಮ್ಮೊಮ್ಮೆ ನಿಟ್ಟುಸಿರಿಡುವುದೂ ಉಂಟು. ‘ಮ್ಯಾಲೆ ಕಂಪನಿ, ಕೆಳಗೆ ಉದ್ರಿ.’ ಇಂಥ ಮಾತು ಹೊಳೆದಾಗ ಸಾವ್ಕಾರ್ರ ಮೇಲೆ ಪ್ರೀತಿ ಉಕ್ಕುತ್ತದೆ.

ಕಟ್ಟೆಯ ಶಿಷ್ಯರು ಅಷ್ಟು ಸುಲಭದವರಲ್ಲ. ಕಳೆನಾಶಕ ಕೇಳಲು ಬಂದ ಅಜ್ಜಿಯೊಬ್ಬರು ಪೂರ್ತಿ ಕೇಳಿಸಿಕೊಂಡು, ‘ವಾಲಿ ನಮ್ಮ ಹಂಪಿ ಕಡೆಯೋನಲ್ಲೇನೋ? ಅವನ್ನ ನೋಡಾಕೆ ಸಮುದ್ರ ಯಾಕ್ ದಾಟಿದಿ?’ ಅಂದರು. ಅವತ್ತೇ ‘ಬಾಲಿ ಸಾವ್ಕಾರ್ರು’ ಎಂಬ ಹೆಸರು ಗಟ್ಟಿಯಾದದ್ದು. ಇನ್ನೊಮ್ಮೆ ಸಾವ್ಕಾರ್ರು, ರೋಹಿಣಿ ಮಳೆ ಬರುವಾಗ ರೋಹಿಣಿ ನಕ್ಷತ್ರ ಕಾಣುವುದೇ ಇಲ್ಲ, ಆಗ ಸೂರ್ಯ ಅಲ್ಲೇ ಕೂತಿರುತ್ತಾನೆ ಎಂದು ಮೊಬೈಲ್ ಆ್ಯಪ್ ಹಿಡಿದು ತೋರಿಸಿದರು. ಶುದ್ಧ ಸತ್ಯ. ‘ಮಳೆ ಬಂದ್ರೆ ಸಾಕ್ರಿ, ಚುಕ್ಕಿ ತಗಂಡು ಏನ್ ಮಾಡಾಣ’ ಎಂದು ರೈತ ಚೀಲ ಹೊತ್ತು ನಡೆದ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟವನು ನೀರುಗಂಟಿ. ಭದ್ರಾ ಚಾನಲ್ ನೀರಿನ ಸರದಿಗೆ, ರಾತ್ರಿಯಷ್ಟೇ ಬರುವ ತ್ರೀ ಫೇಸ್ ಕರೆಂಟಿಗೆ ನಮ್ಮ ಅರ್ಧ ಊರು ಗದ್ದೆಯಲ್ಲೇ ಬೆಳಗು ಮಾಡುತ್ತದೆ. ನಕ್ಷತ್ರ ನೋಡುವುದು ಅವರಿಗೆ ಹವ್ಯಾಸವಲ್ಲ, ಗಡಿಯಾರ. ಬಿಲ್ಲಿನ ಹಿಂದಿನ ಚುಕ್ಕಿಗಳನ್ನು ನೋಡಿ ಅವನು, ‘ಇದು ಇಲ್ಲೇ ಐತಲ್ರಿ. ಮೇ ತಿಂಗಳಾಗೆ ಒಂಬತ್ತು ಗಂಟೆ ಹೊತ್ತಿಗೆ ದಕ್ಷಿಣಕ್ಕೆ ನಿಂತಿರ್ತತಿ. ನಿಮ್ಮ ಗದ್ದಿ ಬದುವಿನ ಮ್ಯಾಲಿಂದ ಚೆಂದ ಕಾಣ್ತಿತ್ತು’ ಅಂದ. ‘ಕಾಣ್ತಿತ್ತು’ ಅಂದದ್ದೇಕೆ? ಸಾವ್ಕಾರ್ರು ಆ ಗದ್ದೆ ಮುಚ್ಚಿ ಅಡಿಕೆ ಇಟ್ಟು ಹತ್ತು ವರ್ಷವಾಗಿದೆ. ತ್ರಿಶಂಕು ನಮ್ಮಲ್ಲಿ ಏರುವುದೇ ಒಂದೂವರೆ ಮುಷ್ಟಿ; ಅಷ್ಟನ್ನೂ ಅವರ ತೋಟವೇ ನುಂಗಿತ್ತು.

ಒಂದು ದಿನವೆಲ್ಲ ಸಾವ್ಕಾರ್ರು ಮಾತಾಡಲಿಲ್ಲ. ಮರುದಿನ ನಮ್ಮನ್ನು ಕರೆದು, ಅಂಗಡಿ ಮಾಳಿಗೆಯಿಂದ ಅಡಿಕೆ ತಲೆ ಮೇಲೆ ಕಂಡೇ ಕಾಣುತ್ತದೆ, ಮೇ ಬರಲಿ ಅಂದರು.

ಮೇ ಬಂತು. ಚಾಪೆ, ಮಂಡಕ್ಕಿ, ಮೆಣಸಿನಕಾಯಿ ಸಮೇತ ಹತ್ತಿದೆವು. ಅಂಗಡಿಯ ಎಲ್‌ಇಡಿ ಬೋರ್ಡು ಒಮ್ಮೆ ಕೆಂಪು, ಒಮ್ಮೆ ಹಸಿರು. ಸರ್ಕಲ್ಲಿನ ಹೈಮಾಸ್ಟ್ ದೀಪ ಬೇರೆ. ಕಂಡದ್ದು ದೀಪದ ಹುಳಗಳು ಮಾತ್ರ. ಒಂಬತ್ತೂಕಾಲಿಗೆ, ನಮ್ಮ ಪುಣ್ಯ, ಕರೆಂಟ್ ಹೋಯಿತು.

ಊರು ಕಪ್ಪಾಯಿತು. ಕಣ್ಣು ಹೊಂದಿಕೊಳ್ಳಲು ಒಂದೈದು ನಿಮಿಷ. ಆಮೇಲೆ ದಕ್ಷಿಣದಲ್ಲಿ ಅಡಿಕೆ ಗರಿಗಳ ಮೇಲೆ ಒಂದು, ಎರಡು, ಮೂರು... ನಾಲ್ಕು. ಸಾವ್ಕಾರ್ರು ಮಂಡಕ್ಕಿ ಹಿಡಿದ ಕೈ ಹಾಗೇ ಎತ್ತಿ ನಿಂತರು. ಯಾರೂ ಬಾಲಿ ಎನ್ನಲಿಲ್ಲ, ಅವರೂ ಎನ್ನಲಿಲ್ಲ. ಮೆಲ್ಲಗೆ ಮೊಬೈಲ್ ತೆಗೆದು ಲೈನ್‌ಮನ್‌ಗೆ ಹಚ್ಚಿದರು.

‘ತಮ್ಮಾ, ಕರೆಂಟ್ ಈಗ್ಲೇ ಕೊಡಬ್ಯಾಡಪ್ಪ. ಇನ್ನೊಂದು ಅರ್ಧ ತಾಸು ಆರಾಮಾಗಿ ಬಿಟ್ಟು ಕೊಡು.’

ನೌಕರಿಗೆ ಸೇರಿದಾಗಿನಿಂದ ಇಂಥ ಫೋನು ಅವನಿಗೆ ಬಂದಿರಲಿಕ್ಕಿಲ್ಲ. ಆ ಕಡೆಯಿಂದ ಗಾಬರಿಯ ದನಿ ನಮಗೂ ಕೇಳಿಸಿತು: ‘ಹಂಗೆಲ್ಲ ಚುಚ್ಚಿ ಮಾತಾಡಬ್ಯಾಡ್ರಿ ಸಾವ್ಕಾರ್ರೇ, ಕಂಬದ ತಾವಾನೇ ಅದೀನಿ, ಆತು, ಆತು...’

ಎರಡೇ ನಿಮಿಷ. ಸಾವ್ಕಾರ್ರ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ಹಸಿರಾಯಿತು.