ಕಾಫಿ ಬಿಯರಿಗೆ ಅಮ್ಮನೇ ಪರೀಕ್ಷಕಿ

ಬೆಂಗಳೂರಿನ ಬೊಮ್ಮನಹಳ್ಳಿಯಿಂದ ಆರು ತಿಂಗಳ ಮಟ್ಟಿಗೆ ಅಮೆರಿಕದ ಮಗನ ಮನೆಗೆ ಬರುವ ಅಪ್ಪ ಅಮ್ಮಂದಿರ ಸೂಟ್‌ಕೇಸಿನಲ್ಲಿ ಬಟ್ಟೆಗೆ ಜಾಗವಿರುತ್ತದೋ ಇಲ್ಲವೋ, ಕಾಫಿಪುಡಿಗಂತೂ ಇದ್ದೇ ಇರುತ್ತದೆ. ಅದೂ ಎಂಥ ಪುಡಿ! ಅಂಗಡಿಯಲ್ಲಿ ನಿಂತು, ಎಂಬತ್ತಕ್ಕೆ ಇಪ್ಪತ್ತು ಚಿಕೋರಿ ಬೆರೆಸಿ, ಫಿಲ್ಟರಿನ ಹದಕ್ಕೆ ಕಣ್ಣೆದುರೇ ಬೀಸಿಸಿಕೊಂಡು ಬಂದದ್ದು. ಅವರು ಇಳಿಯುವ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಡಬ್ಬದ ಹಿಂದೆ, ಇನ್ನೊಂದು ಬಗೆಯ ಕಾಫಿ ತಲೆಮರೆಸಿಕೊಂಡಿರುತ್ತದೆ. ಅದು ಕಾಫಿ ಹಾಕಿ ಮಾಡಿದ ‘ಸ್ಟೌಟ್’ ಎಂಬ ಕಪ್ಪು ಬಿಯರು. ನನ್ನ ವಾದ ಇಷ್ಟೇ: ಈ ಬಿಯರಿನ ರುಚಿಯ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ಬಚ್ಚಿಟ್ಟ ಮಗನಿಗಿಲ್ಲ, ಯಾರ ಕಣ್ಣಿಗೆ ಬೀಳಬಾರದೆಂದು ಬಚ್ಚಿಟ್ಟನೋ ಆ ಅಮ್ಮನಿಗಿದೆ.

ಮಿಶಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ಫೌಂಡರ್ಸ್ ಕಂಪನಿಯ ‘ಬ್ರೇಕ್‌ಫಾಸ್ಟ್ ಸ್ಟೌಟ್’ ಅನ್ನೇ ತೆಗೆದುಕೊಳ್ಳಿ. ಓಟ್ಸ್, ಚಾಕೊಲೇಟ್, ಸುಮಾತ್ರಾ ಮತ್ತು ಕೋನಾ ಕಾಫಿ, ಜೊತೆಗೆ ಶೇ. 8.3 ಆಲ್ಕೋಹಾಲ್. ಲೇಬಲ್ಲಿನ ಮೇಲೆ ಚಮಚ ಹಿಡಿದು ಗಂಜಿ ತಿನ್ನುವ ಮಗುವಿನ ಚಿತ್ರ! (ಮೊಮ್ಮಗನ ಡಬ್ಬ ಎಂದುಕೊಂಡು ಅಜ್ಜಿ ತೆಗೆಯುವ ಅಪಾಯ ನಿಜಕ್ಕೂ ಇದೆ.) ಲೋಟಕ್ಕೆ ಬಗ್ಗಿಸಿದರೆ ಮೊದಲ ಡಿಕಾಕ್ಷನ್ನಿನ ಬಣ್ಣ, ಮೇಲೆ ಕಂದು ನೊರೆ. ನಾಲಗೆಗೆ ಮೊದಲು ಹುರಿದ ಕಹಿ, ಹಿಂದೆಯೇ ಚಾಕೊಲೇಟು, ಕೊನೆಯಲ್ಲಿ ಅಂಚಿಗೆ ಹಿಡಿಯುವ ಒಗರು, ಗಂಟಲಿಗೆ ಬೆಚ್ಚಗೆ. ಬಿಯರು ಪಂಡಿತರು ಇಂಥದ್ದರಲ್ಲಿ ಒಣದ್ರಾಕ್ಷಿ, ತಂಬಾಕು, ಹಳೇ ಚರ್ಮ ಎಲ್ಲವನ್ನೂ ಕಾಣುತ್ತಾರೆ. ಹಳೇ ಚರ್ಮವನ್ನು ಯಾವಾಗ ನೆಕ್ಕಿ ನೋಡಿದ್ದರೋ! ಅಮ್ಮನಾದರೆ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: “ಪುಡಿ ಸೀದಿದೆ, ಡಿಕಾಕ್ಷನ್ ನಿನ್ನೆಯದು.” ಎರಡೂ ಸರಿ. ಸೀದ ವಾಸನೆ ಬರುವುದು ಕಪ್ಪಗೆ ಹುರಿದ ಬಾರ್ಲಿಯಿಂದ. ಒಂದು ಬೀಜ ಕಾಫಿ ಹಾಕದಿದ್ದರೂ ಸ್ಟೌಟ್ ಬಿಯರು ಕಾಫಿಯಂತೆಯೇ ಘಮಗುಟ್ಟುತ್ತದೆ. ಅನೇಕ ಕಡೆ ಕಾಫಿಯನ್ನು ಕುದಿಸುವುದೂ ಇಲ್ಲ. ಗಂಟೆಗಟ್ಟಲೆ ತಣ್ಣೀರಿನಲ್ಲಿ ನೆನೆಸಿ, ಬಿಯರು ಹುದುಗು ಬಂದ ಮೇಲೆ ಬೆರೆಸುತ್ತಾರೆ. ಹಾಗಾಗಿ ಇಲ್ಲಿರುವ ನಿಜವಾದ ಪರೀಕ್ಷೆ, ಬೀಜ ಎಷ್ಟು, ಬಾರ್ಲಿ ಎಷ್ಟು ಎಂದು ಬಿಡಿಸಿ ಹೇಳುವುದು. ಅಮ್ಮನಿಗೆ ಈ ಪರೀಕ್ಷೆ ಹೊಸದೇನಲ್ಲ. ನಮ್ಮ ಆಹಾರ ಕಾನೂನು ಕಾಫಿಪುಡಿಯಲ್ಲಿ ಶೇ. 49ರವರೆಗೆ ಚಿಕೋರಿಗೆ ಅವಕಾಶ ಕೊಟ್ಟಿದೆ. ಇಪ್ಪತ್ತೆಂದು ಹೇಳಿ ಮೂವತ್ತು ಸುರಿದ ಅಂಗಡಿಯವನನ್ನು ಬೆಳಗಿನ ಮೊದಲ ಗುಟುಕಿನಲ್ಲೇ ಹಿಡಿಯುವವಳಿಗೆ ಬಾರ್ಲಿ ಯಾವ ಲೆಕ್ಕ?

ಕಾಫಿ ಎಂದರೆ ಹಾಲು ಸಕ್ಕರೆ ಹಾಕಿದ್ದು, ಈ ಕಪ್ಪು ಕಷಾಯದ ವಿಚಾರ ಅಮ್ಮನಿಗೇನು ಗೊತ್ತು ಎಂದು ಮಗ ಕೇಳಬಹುದು. ಹಾಲು ಸಕ್ಕರೆಯೇ ಬೇಕೆಂದರೆ, ಹಾಲಿನ ಸಕ್ಕರೆ ಹಾಕಿ ಮಾಡುವ ‘ಮಿಲ್ಕ್ ಸ್ಟೌಟ್’ ಕೂಡ ಉಂಟು. ಆ ಸಕ್ಕರೆಯನ್ನು ಯೀಸ್ಟ್ ತಿನ್ನಲಾರದು, ಸಿಹಿ ಹಾಗೇ ಉಳಿಯುತ್ತದೆ. ಅಮ್ಮನ ಮುಂದೆ ಬಿಯರು ಇಡಬಹುದೇ ಎಂಬ ಸಂಸ್ಕಾರದ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಕಾಫಿಯೇನೂ ಹುಟ್ಟಿನಿಂದ ಮಡಿಯ ಪಾನೀಯವಲ್ಲ: 1511ರಲ್ಲಿ ಮೆಕ್ಕಾದಲ್ಲಿ ಅದನ್ನೇ ನಿಷೇಧಿಸಿದ್ದರು, ನಮ್ಮಲ್ಲಿಗೆ ಅದರ ಬೀಜ ತಂದವರು ಬಾಬಾ ಬುಡನ್ ಎಂಬ ಸೂಫಿ ಸಂತರು ಎಂಬುದು ಐತಿಹ್ಯ. ಆದರೂ ಕುಡಿಯದವರಿಗೆ ಕುಡಿಸುವುದು ತಪ್ಪೇ. ಕುಡಿಸಬೇಕಾಗಿಯೂ ಇಲ್ಲ. ಕಾಫಿಯ ದರ್ಜೆ ನಿರ್ಧರಿಸುವ ವೃತ್ತಿಯವರು ಮೂಸಿ, ಸುರ್ರೆಂದು ಹೀರಿ, ಬಾಯಾಡಿಸಿ ಉಗುಳುತ್ತಾರೆ. ಅಮ್ಮನಿಗೆ ಮೂಸುವುದಷ್ಟೇ ಸಾಕು.

ಇದೆಲ್ಲ ಅಮೆರಿಕದ ಉಸಾಬರಿ, ನಮ್ಮೂರಿಗೇಕೆ ಎನ್ನುವವರೂ ಇದ್ದಾರೆ. ಆದರೆ ಅದೇ ಮಿಶಿಗನ್ನಿನ ಆನ್ ಆರ್ಬರ್‌ನ ‘ಆರ್ಬರ್ ಬ್ರೂಯಿಂಗ್ ಕಂಪನಿ’ ಹೆಸರು 2012ರಲ್ಲೇ ಬೆಂಗಳೂರಿನ ಮ್ಯಾಗ್ರಾತ್ ರಸ್ತೆಗೆ ಬಂದು ಕೂತಿದೆ. ಬೊಮ್ಮನಹಳ್ಳಿಯವರು ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಅಲ್ಲಿಗೆ ಮುಟ್ಟುವುದಕ್ಕಿಂತ ಮಿಶಿಗನ್ನಿಗೆ ಹೋಗುವುದೇ ಸಲೀಸು, ಅದು ಬೇರೆ ಮಾತು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ರಾಜ್ಯದವರು ಕಾಫಿ ಬಿಯರಿನ ಬಗ್ಗೆ ಬಾಯಿ ಬಿಡಬಾರದೆಂದರೆ ಇನ್ಯಾರು ಬಿಡಬೇಕು?

ನನ್ನ ತೀರ್ಪು ಕೇಳಿದರೆ, ಬ್ರೇಕ್‌ಫಾಸ್ಟ್ ಸ್ಟೌಟ್ ಬಿಯರಾಗಿ ಮೊದಲ ದರ್ಜೆ, ಕಾಫಿಯಾಗಿ ಎರಡನೇ ಡಿಕಾಕ್ಷನ್. ಆದರೆ ಕೊನೆಯ ಮಾತು ನನ್ನದಲ್ಲ. ಹೊರನಾಡಿನ ಮಕ್ಕಳೇ, ಮುಂದಿನ ಬಾಟಲಿ ತೆರೆದಾಗ ಒಂದು ಚಮಚ ಅಮ್ಮನ ಮೂಗಿನ ಹತ್ತಿರ ಹಿಡಿಯಿರಿ. ಮೊದಲು ಬರುವ ಬೈಗುಳವನ್ನು ನುಂಗಿಕೊಂಡು, ಆಮೇಲೆ ಬರುವ ರುಚಿಯ ಮಾತನ್ನು ಬರೆದಿಟ್ಟುಕೊಳ್ಳಿ.